ಮೊದಲು ಕೈಬರಹ, ಆಮೇಲೆ ಉಪಕರಣ

ಕಾಲೇಜು ಶುರುವಾಗುವ ಹೊತ್ತಿಗೆ ಮತ್ತಿಕೆರೆಯ ಪಿಜಿಗಳು ತುಂಬಿ ತುಳುಕುತ್ತವೆ. ರಾಮಯ್ಯ ಕಾಲೇಜಿಗೆಂದು ಬಂದವರು ಒಂದು ಪಾಲಾದರೆ, ಹಾಸನ, ಚಿತ್ರದುರ್ಗ, ಕಲಬುರಗಿ ಕಡೆಯಿಂದ ಬಿಸಿಎಯೋ ಡಿಪ್ಲೊಮಾವೋ ಮುಗಿಸಿ ಕೆಲಸ ಹುಡುಕಿಕೊಂಡು ಬಂದವರು ಇನ್ನೊಂದು ಪಾಲು. ವೆಬ್ ಡಿಸೈನ್ ಕಲಿತು ಬದುಕು ಕಟ್ಟಿಕೊಳ್ಳೋಣ ಎಂದು ಹೊರಟವರ ಬಾಯಲ್ಲಿ ಬರುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಎಚ್‌ಟಿಎಂಎಲ್, ಸಿಎಸ್‌ಎಸ್ ಎಲ್ಲ ಕೂತು ಕೈಯಲ್ಲೇ ಬರೆದು ಕಲಿಯಬೇಕಾ? ಇಲ್ಲ, ಮೌಸ್‌ನಲ್ಲಿ ಎಳೆದು ತಂದು ಜೋಡಿಸಿದರೆ ಪುಟ ಸಿದ್ಧವಾಗುವ ಸಾಫ್ಟ್‌ವೇರ್ ಕಲಿತರೆ ಸಾಕಾ?

ಮುಖ್ಯರಸ್ತೆಯ ಅಂಗಡಿಯವರಿಗೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಒಬ್ಬ ಹುಡುಗ ಬಂದು ‘ಎರಡು ದಿನದಲ್ಲಿ ಸೈಟ್ ಮಾಡಿಕೊಡ್ತೀನಿ ಸಾರ್’ ಅನ್ನುತ್ತಾನೆ. ಇನ್ನೊಬ್ಬ ಹದಿನೈದು ದಿನ ಕೇಳುತ್ತಾನೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಿದ್ದ ಮೇಲೆ ಹದಿನೈದು ದಿನ ಯಾಕೆ?

ಉಪಕರಣ ಬೇಡ ಎನ್ನುವವನಲ್ಲ ನಾನು. ಆದರೆ ಕೈಯಲ್ಲಿ ಒಂದು ಪುಟವನ್ನೂ ಬರೆಯಲಾರದವರು ಉಪಕರಣದಲ್ಲಿ ಮಾಡಿದ ಪುಟ ಯಾವತ್ತೋ ಒಂದು ದಿನ ಕೈಕೊಡುತ್ತದೆ. ಕನ್ನಡದ ಪುಟವಾದರೆ ಇನ್ನೂ ಬೇಗ ಕೈಕೊಡುತ್ತದೆ. ಅದು ಹೇಗೆಂದು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ವೆಬ್ ಪುಟ ಎಂದರೆ ಚಿತ್ರ ಎಂದು ಬಹಳ ಮಂದಿ ಭಾವಿಸಿದ್ದಾರೆ. ನಿಜದಲ್ಲಿ ಅದೊಂದು ಬರಹದ ಕಡತ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅಕ್ಷರಗಳಲ್ಲದೆ ಬೇರೇನೂ ಇರುವುದಿಲ್ಲ. ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ, ಇದು ಕೊಂಡಿ ಎಂದು ಒಂದೊಂದು ಭಾಗಕ್ಕೂ ಗುರುತು ಹಚ್ಚಿರುತ್ತಾರೆ. ಆ ಗುರುತುಗಳೇ ಟ್ಯಾಗ್‌ಗಳು. ಗುರುತು ಹಚ್ಚುವ ಪದ್ಧತಿಗೆ ಎಚ್‌ಟಿಎಂಎಲ್ ಎಂದು ಹೆಸರು. ಯಾವ ಬಣ್ಣ, ಎಷ್ಟು ದೊಡ್ಡ ಅಕ್ಷರ, ಎಷ್ಟು ಅಂತರ ಎಂಬುದನ್ನು ಸಿಎಸ್‌ಎಸ್ ಬೇರೆಯಾಗಿ ಹೇಳುತ್ತದೆ. ಇವೆರಡನ್ನೂ ಓದಿ ತೆರೆಯ ಮೇಲೆ ಚಿತ್ರಿಸುವುದು ಬ್ರೌಸರ್‌ನ ಕೆಲಸ. ಅಂದರೆ ಚಿತ್ರ ಹುಟ್ಟುವುದು ನೋಡುವವರ ಫೋನಿನಲ್ಲಿ. ನಾವು ಕಳಿಸುವುದು ಬರಹವನ್ನು ಮಾತ್ರ.

ಮತ್ತಿಕೆರೆಯ ಒಂದು ಮೆಸ್‌ಗೆ ಪುಟ ಮಾಡಬೇಕೆಂದಿಟ್ಟುಕೊಳ್ಳಿ. ಮೆಸ್‌ನ ಹೆಸರಿಗೆ ಎಚ್1 ಟ್ಯಾಗ್, ‘ಬೆಳಗಿನ ತಿಂಡಿ’, ‘ಮಧ್ಯಾಹ್ನದ ಊಟ’ ಎಂಬ ಉಪಶೀರ್ಷಿಕೆಗಳಿಗೆ ಎಚ್2 ಟ್ಯಾಗ್. ಚಿತ್ರಾನ್ನ, ಪುಳಿಯೋಗರೆ, ಮುದ್ದೆ ಊಟ ಒಂದೊಂದೂ ಪಟ್ಟಿಯ ಒಂದೊಂದು ಸಾಲು. ಫೋನ್ ನಂಬರಿಗೆ ‘ಟೆಲ್’ ಎಂಬ ಕೊಂಡಿ ಕೊಟ್ಟರೆ ಅದನ್ನು ಮುಟ್ಟಿ ಅಲ್ಲಿಂದಲೇ ಕರೆ ಮಾಡಬಹುದು. ಮೇಲ್ಗಡೆ ಮೂರು ಸಾಲು ತಪ್ಪದೆ ಇರಬೇಕು: ಇದು ಕನ್ನಡ ಪುಟ ಎಂದು ತಿಳಿಸುವ ‘ಲ್ಯಾಂಗ್’ ಗುರುತು, ಅಕ್ಷರಗಳು ಯುಟಿಎಫ್-8ರಲ್ಲಿ ಇವೆ ಎಂದು ಹೇಳುವ ಸಾಲು, ಫೋನಿನ ಅಗಲಕ್ಕೆ ಪುಟ ಹೊಂದಿಕೊಳ್ಳಲಿ ಎನ್ನುವ ‘ವ್ಯೂಪೋರ್ಟ್’ ಸಾಲು. ಎಲ್ಲ ಸೇರಿ ನಲವತ್ತು ಸಾಲು ದಾಟುವುದಿಲ್ಲ. ಐನೂರು ಕನ್ನಡ ಪದ ತುಂಬಿದರೂ ಕಡತದ ತೂಕ ಸುಮಾರು 20 ಕೆಬಿ. ಫೋನಿನಲ್ಲಿ ತೆಗೆದ ಒಂದು ಫೋಟೊ ಇದರ ನೂರು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ಸಿಗ್ನಲ್ ಎರಡೇ ಗೆರೆ ಇರುವ ಕಡೆಯೂ ಈ ಪುಟ ಥಟ್ಟನೆ ತೆರೆದುಕೊಳ್ಳುತ್ತದೆ.

ಇಷ್ಟು ಸುಲಭವಾದರೆ ಉಪಕರಣಗಳು ಯಾಕೆ ಹುಟ್ಟಿದವು? ಯಾಕೆಂದರೆ ಟ್ಯಾಗ್ ಬರೆಯುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಅವರಿಗೂ ಇದು ಗೊತ್ತಿತ್ತು. 1990ರಲ್ಲಿ ಅವರು ಸರ್ನ್ ಪ್ರಯೋಗಾಲಯದ ನೆಕ್ಸ್ಟ್ ಕಂಪ್ಯೂಟರ್ ಮೇಲೆ ಬರೆದ ಮೊದಲ ಬ್ರೌಸರ್ ಪುಟ ಓದುವುದಕ್ಕೂ ಆಗುತ್ತಿತ್ತು, ಪುಟ ತಿದ್ದುವುದಕ್ಕೂ ಆಗುತ್ತಿತ್ತು. ವರ್ಡ್‌ನಲ್ಲಿ ಬರೆದ ಹಾಗೆ ಬರೆದುಕೊಂಡು ಹೋಗಬಹುದಿತ್ತು. ಕಣ್ಣಿಗೆ ಕಂಡಂತೆ ಪುಟ ಕಟ್ಟಬೇಕು ಎಂಬ ಆಸೆಗೆ ವೆಬ್‌ನಷ್ಟೇ ವಯಸ್ಸು.

ಬೆಂಗಳೂರಿಗೆ ವೆಬ್ ಬಂದದ್ದು ಸರಿಯಾಗಿ ಈ ಆಸೆಗೆ ಮಾರುಕಟ್ಟೆ ಸಿಕ್ಕ ಕಾಲದಲ್ಲಿ. 1995ರ ಆಗಸ್ಟ್ 15ರಂದು ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮರುವರ್ಷ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಮಳಿಗೆಯನ್ನು ಸೈಬರ್ ಕೆಫೆಯಾಗಿಯೇ ತೆರೆಯಿತು. ಅದೇ 1996ರಲ್ಲಿ ಮೈಕ್ರೋಸಾಫ್ಟ್, ಕಣ್ಣಿಗೆ ಕಂಡಂತೆ ಪುಟ ಕಟ್ಟುವ ಫ್ರಂಟ್‌ಪೇಜ್ ತಂತ್ರಾಂಶವನ್ನು ಕೊಂಡುಕೊಂಡಿತು. 1997ರ ಕೊನೆಗೆ ಮ್ಯಾಕ್ರೋಮೀಡಿಯಾ ಡ್ರೀಮ್‌ವೀವರ್ ಹೊರತಂದಿತು. ಕಂಪ್ಯೂಟರ್ ತರಬೇತಿ ಕೇಂದ್ರಗಳ ಬೋರ್ಡುಗಳ ಮೇಲೆ ಈ ಎರಡು ಹೆಸರು ಎಷ್ಟೋ ವರ್ಷ ರಾರಾಜಿಸಿದವು.

ಇವೆರಡೂ ಒಂದೇ ಜಾತಿಯ ಉಪಕರಣಗಳಲ್ಲ. ಫ್ರಂಟ್‌ಪೇಜ್‌ನ ಹಳೆಯ ಆವೃತ್ತಿಗಳು ನೀವು ಕೈಯಲ್ಲಿ ಬರೆದ ಕೋಡನ್ನು ತಮಗೆ ತೋಚಿದ ಹಾಗೆ ತಿರುಗಿಸಿ ಬರೆದುಬಿಡುತ್ತಿದ್ದವು. ಅದರ ಹಿಟ್ ಕೌಂಟರ್‌ನಂಥ ಸೌಲಭ್ಯಗಳು ಫ್ರಂಟ್‌ಪೇಜ್ ಎಕ್ಸ್‌ಟೆನ್ಷನ್ ಹಾಕಿದ ಸರ್ವರ್‌ನಲ್ಲಿ ಮಾತ್ರ ನಡೆಯುತ್ತಿದ್ದವು. ಡ್ರೀಮ್‌ವೀವರ್ ನಿಮ್ಮ ಕೋಡನ್ನು ಕೆಡಿಸುವುದಿಲ್ಲ ಎಂಬ ಭರವಸೆ ಕೊಟ್ಟಿತು. ಒಂದು ಕಡೆ ಪುಟ, ಪಕ್ಕದಲ್ಲೇ ಅದರ ಕೋಡ್ ಕಾಣುವ ಸೌಲಭ್ಯವನ್ನೂ ಕೊಟ್ಟಿತು. ಕೋಡ್ ಬಲ್ಲವರು ಡ್ರೀಮ್‌ವೀವರ್ ಮೆಚ್ಚಿದ್ದು ಇದಕ್ಕೇ. ಕೋಡನ್ನು ಮುಚ್ಚಿಡುವ ಉಪಕರಣ ನಮ್ಮನ್ನು ಅವಲಂಬಿತರನ್ನಾಗಿ ಮಾಡುತ್ತದೆ. ತೆರೆದಿಡುವ ಉಪಕರಣ ಕಲಿಸುತ್ತದೆ.

ಆ ಕಾಲದಲ್ಲಿ ದೊಡ್ಡ ಅನಾಹುತಕ್ಕೆ ಕಾರಣವಾದದ್ದು ಪುಟವನ್ನು ಕಾಗದದ ಹಾಗೆ ನೋಡಿದ ಬುದ್ಧಿ. ಪೇಜ್‌ಮೇಕರ್‌ನಲ್ಲಿ ಪಾಂಪ್ಲೆಟ್ ಕಟ್ಟಿ ಅಭ್ಯಾಸವಾದವರು ವೆಬ್ ಪುಟವನ್ನೂ ಹಾಗೇ ಕಟ್ಟಿದರು. ಅಂಕಿ-ಅಂಶ ತೋರಿಸಲು ಇದ್ದ ಟೇಬಲ್‌ಗಳನ್ನು ಪುಟದ ಚೌಕಟ್ಟು ಮಾಡಿದರು. ಅಂತರ ತುಂಬಲು ಒಂದು ಪಿಕ್ಸೆಲ್ ಗಾತ್ರದ, ಕಣ್ಣಿಗೆ ಕಾಣದ ಚಿತ್ರಗಳನ್ನು ತುರುಕಿದರು. 800 ಪಿಕ್ಸೆಲ್ ಅಗಲದ ಮಾನಿಟರ್ ಲೆಕ್ಕಕ್ಕೆ ಎಲ್ಲವೂ ಅಳತೆಯಾಗಿತ್ತು. 2007ರ ನಂತರ ಸ್ಮಾರ್ಟ್‌ಫೋನ್ ಕೈಗೆ ಬಂದಾಗ ಆ ಅಳತೆಗಳೆಲ್ಲ ಬುಡಮೇಲಾದವು. ತಲೆಬರಹ, ಪ್ಯಾರಾ, ಪಟ್ಟಿ ಎಂದು ಸರಿಯಾಗಿ ಗುರುತು ಹಚ್ಚಿ ಬರೆದ ಪುಟಗಳಿಗೆ ಒಂದಷ್ಟು ಸಿಎಸ್‌ಎಸ್ ಸೇರಿಸಿದರೆ ಸಾಕಾಯಿತು. ಎಳೆದು ಜೋಡಿಸಿದ ಪುಟಗಳನ್ನು ಮತ್ತೆ ಬುಡದಿಂದ ಕಟ್ಟಬೇಕಾಯಿತು.

ಕನ್ನಡದ ಪಾಡು ಇದಕ್ಕಿಂತ ಕಷ್ಟದ್ದು.

ಕನ್ನಡದ ಮೊದಲ ಅಂತರಜಾಲ ಪತ್ರಿಕೆ ‘ವಿಶ್ವಕನ್ನಡ’ವನ್ನು ಡಾ. ಯು.ಬಿ. ಪವನಜ ಅವರು 1996ರಲ್ಲಿ ಶುರುಮಾಡಿದರು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಬೆನ್ನಿಗೆ ಬಂತು. ಕನ್ನಡ ಟೈಪ್ ಮಾಡುವುದನ್ನು ಮನೆಮನೆಗೆ ತಲುಪಿಸಿದ ಈ ಕೆಲಸಗಳ ಋಣ ದೊಡ್ಡದು. ಆದರೆ ಅಂದಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡು ಕೆಲಸ ಮಾಡುತ್ತಿದ್ದವು. ಆಗ ಬೇರೆ ದಾರಿಯೂ ಇರಲಿಲ್ಲ.

ನಮ್ಮ ಊರಿನ ಹೆಸರನ್ನೇ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ನೋಡಿ. ಕಣ್ಣಿಗೆ ‘ಮತ್ತಿಕೆರೆ’ ಎಂದೇ ಕಾಣುತ್ತದೆ. ಆ ಫಾಂಟ್ ತೆಗೆದುಬಿಟ್ಟರೆ ‘ತಿ’ ಇದ್ದ ಕಡೆ ಇಂಗ್ಲಿಷಿನ ಸಣ್ಣ ಡಬ್ಲ್ಯೂ, ‘ಕೆ’ ಇದ್ದ ಕಡೆ ದೊಡ್ಡ ಪಿ, ‘ರೆ’ ಇದ್ದ ಕಡೆ ಸಣ್ಣ ಜಿ ಕಾಣಿಸಿಕೊಳ್ಳುತ್ತವೆ. ನಡುನಡುವೆ ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ಯುರೋಪಿನ ಅಕ್ಷರಗಳು. ಕಂಪ್ಯೂಟರ್ ಪಾಲಿಗೆ ಅದು ಎಂದೂ ಕನ್ನಡವಾಗಿರಲೇ ಇಲ್ಲ. ಓದುವವರ ಯಂತ್ರಕ್ಕೆ ಫಾಂಟನ್ನು ತಾನಾಗಿ ಕಳಿಸುವ ‘ಡೈನಮಿಕ್ ಫಾಂಟ್’ ತಂತ್ರ ಬಂದಾಗ ಹಲವು ಕನ್ನಡ ತಾಣಗಳು ಅದನ್ನು ನೆಚ್ಚಿಕೊಂಡವು. ಅದರಲ್ಲಿ ಮೈಕ್ರೋಸಾಫ್ಟ್‌ನ ಬಗೆಯದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಫೈರ್‌ಫಾಕ್ಸ್‌ನಲ್ಲಿ ತೆರೆದವರಿಗೆ ಸಿಕ್ಕಿದ್ದು ಗೀಚು. ಗೂಗಲ್‌ನಲ್ಲಿ ಹುಡುಕಿದರೂ ಆ ಪುಟಗಳು ಸಿಗುತ್ತಿರಲಿಲ್ಲ.

ಈ ತೊಡಕಿಗೆ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಪಟ್ಟಿ ಮೀಸಲಾಗಿತ್ತು. ಯೂನಿಕೋಡ್‌ನಲ್ಲಿ ‘ಮತ್ತಿಕೆರೆ’ ಎಂದರೆ ಒಂಬತ್ತು ಸಂಕೇತಗಳು: ಮ, ತ, ವಿರಾಮ, ಇನ್ನೊಂದು ತ, ಇ-ಕಾರ, ಕ, ಎ-ಕಾರ, ರ, ಮತ್ತೊಂದು ಎ-ಕಾರ. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 27 ಬೈಟ್. ಒತ್ತು ಎಲ್ಲಿ ಕೂರಬೇಕು, ಗುಣಿತ ಹೇಗೆ ಅಂಟಬೇಕು ಎಂಬುದನ್ನು ನೋಡುವವರ ಯಂತ್ರದಲ್ಲಿರುವ ಫಾಂಟ್ ತಾನೇ ನೋಡಿಕೊಳ್ಳುತ್ತದೆ. ಬರೆಯುವವರು ಭಾಷೆಯನ್ನು ಕಳಿಸಿದರೆ ಸಾಕು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟ್ ಸಮೇತ ಬಂದಾಗ ಸಾಮಾನ್ಯ ಕಂಪ್ಯೂಟರ್‌ನಲ್ಲೂ ಇದು ಸಾಧ್ಯವಾಯಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿ ಬೆಳೆದದ್ದು ಇದೇ ನೆಲದ ಮೇಲೆ.

ಇದೆಲ್ಲ ಹಳೆಯ ಕಥೆ ಎಂದುಕೊಳ್ಳಬೇಡಿ. ಇವತ್ತಿಗೂ ಬಹಳಷ್ಟು ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಬ್ಯಾನರ್, ಬಿಲ್ ಪುಸ್ತಕ ತಯಾರಾಗುವುದು ಹಳೆಯ ಫಾಂಟ್‌ಗಳಲ್ಲೇ, ಕೋರೆಲ್‌ಡ್ರಾದಲ್ಲೇ. ಮುದ್ರಣಕ್ಕೆ ಅದರಿಂದ ತೊಂದರೆಯಿಲ್ಲ. ಅಲ್ಲಿ ಮಾಡಿದ ಅಕ್ಷರವನ್ನು ವೆಬ್‌ಸೈಟಿಗೆ ತಂದಾಗ ತೊಡಕು. ಕೋಡ್ ಅರಿಯದ ಡಿಸೈನರ್ ಅಂಟಿಸಿ ನೋಡುತ್ತಾರೆ, ಗೀಚು ಕಾಣುತ್ತದೆ. ಹಳೆಯ ಆವೃತ್ತಿಯ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡುತ್ತಾರೆ, ವರ್ಲ್ಡ್-ರೆಡಿ ಲೇಔಟ್ ಎಂಬ ಆಯ್ಕೆ ಒತ್ತದ ಕಾರಣ ಒತ್ತಕ್ಷರ ಬಿಡಿಬಿಡಿಯಾಗಿ ಒಡೆದು ಬೀಳುತ್ತದೆ. ಕೊನೆಗೆ ಇಡೀ ಬರಹವನ್ನೇ ಚಿತ್ರ ಮಾಡಿ ಪುಟಕ್ಕೆ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಅಂಗಡಿಯವರಿಗೆ ತಮ್ಮ ಹೆಸರು ಚೆಂದವಾಗಿ ಕಾಣುತ್ತದೆ, ಹಣವನ್ನೂ ಕೊಡುತ್ತಾರೆ. ಆದರೆ ‘ಮತ್ತಿಕೆರೆ ಮೆಸ್’ ಎಂದು ಕನ್ನಡದಲ್ಲಿ ಹುಡುಕಿದವರಿಗೆ ಆ ಬರಹ ಸಿಗುವುದು ಅನುಮಾನ. ಅದನ್ನು ಕಾಪಿ ಮಾಡಲು ಬರುವುದಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಮಸುಕಾಗುತ್ತದೆ. ಬೆಲೆ ಐದು ರೂಪಾಯಿ ಏರಿದರೂ ಹೊಸ ಚಿತ್ರ ಮಾಡಿಸಬೇಕು.

ಇನ್ನೊಂದು ಸೂಕ್ಷ್ಮವನ್ನು ಹತ್ತಿರದಿಂದ ನೋಡಿ. ಸಿದ್ಧ ಟೆಂಪ್ಲೇಟ್‌ಗಳನ್ನು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ಅಲ್ಲಿ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದ್ದರೆ ಸಾಕು. ಕನ್ನಡದಲ್ಲಿ ‘ಸ್ತ್ರೀ’, ‘ರಾಷ್ಟ್ರ’, ‘ಶಾಸ್ತ್ರ’ ಎಂದು ಬರೆದಾಗ ಒತ್ತುಗಳು ಒಂದರ ಕೆಳಗೊಂದು ಇಳಿಯುತ್ತವೆ. ಮೇಲುಗಡೆ ಗುಣಿತ ಬೇರೆ. ಟೆಂಪ್ಲೇಟ್‌ನ ಬಟನ್‌ನೊಳಗೆ ಕನ್ನಡ ಹಾಕಿದರೆ ಒತ್ತಿನ ಕಾಲು ಕತ್ತರಿಸಿಹೋಗಿರುತ್ತದೆ, ಇಲ್ಲವೇ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ಡಿಕ್ಕಿ ಹೊಡೆಯುತ್ತದೆ. ಸಿಎಸ್‌ಎಸ್ ಬಲ್ಲವರು ಲೈನ್-ಹೈಟ್ 1.6 ಎಂದು ಒಂದು ಸಾಲು ಬರೆದು, ಬಟನ್‌ನ ಕಟ್ಟುನಿಟ್ಟಾದ ಎತ್ತರ ತೆಗೆದುಹಾಕಿ ಸರಿಮಾಡುತ್ತಾರೆ. ಬಾರದವರು ‘ಕನ್ನಡ ಈ ಡಿಸೈನ್‌ಗೆ ಹೊಂದಲ್ಲ ಸಾರ್, ಇಂಗ್ಲಿಷ್ ಹಾಕೋಣ’ ಅನ್ನುತ್ತಾರೆ. ಕನ್ನಡ ಹೀಗೆ ಒಂದು ಸಾಲಿನ ಕೋಡ್ ಗೊತ್ತಿಲ್ಲದ ಕಾರಣಕ್ಕೆ ಪುಟದಿಂದ ಹೊರಗೆ ಹೋಗುವುದು ನನಗೆ ತೀರಾ ನೋವಿನ ಸಂಗತಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಟೀರೊ ಕನ್ನಡದಂಥ ಒಳ್ಳೆಯ ಮುಕ್ತ ಫಾಂಟ್‌ಗಳು ಉಚಿತವಾಗಿ ಸಿಗುವ ಈ ಕಾಲದಲ್ಲಿ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಪುಟವನ್ನು ಕಣ್ಣಿನಿಂದ ಓದದವರೂ ಇದ್ದಾರೆ. ಅಂಧ ಓದುಗರು ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ ಬಳಸುತ್ತಾರೆ. ಅದರಲ್ಲಿ ಎಚ್ ಕೀ ಒತ್ತಿದರೆ ಒಂದು ತಲೆಬರಹದಿಂದ ಮುಂದಿನ ತಲೆಬರಹಕ್ಕೆ ಹಾರಬಹುದು, ನಾವು ಪತ್ರಿಕೆಯ ಮೇಲೆ ಕಣ್ಣಾಡಿಸುವಷ್ಟೇ ಸರಾಗವಾಗಿ. ಆದರೆ ಅದು ಗುರುತಿಸುವುದು ತಲೆಬರಹದ ಟ್ಯಾಗನ್ನು. ಸಾದಾ ಡಬ್ಬಿಯೊಳಗೆ ದಪ್ಪ ಅಕ್ಷರ ಹಾಕಿ ದೊಡ್ಡದು ಮಾಡಿದರೆ ಕಣ್ಣಿಗೆ ತಲೆಬರಹ, ಸ್ಕ್ರೀನ್ ರೀಡರ್‌ಗೆ ಇನ್ನೊಂದು ಸಾಲು. ಚಿತ್ರಕ್ಕೆ ವಿವರಣೆ ಬರೆಯದಿದ್ದರೆ ಅವರಿಗೆ ಆ ಜಾಗ ಖಾಲಿ. ಕನ್ನಡ ಪುಟ ಎಂಬ ಗುರುತು ಇಲ್ಲದಿದ್ದರೆ ಕನ್ನಡದ ದನಿ ತಾನಾಗಿ ಆಯ್ಕೆಯಾಗುವುದಿಲ್ಲ. ಸರ್ಕಾರಿ ತಾಣಗಳು ಎಲ್ಲರಿಗೂ ಎಟಕುವಂತಿರಬೇಕು ಎಂಬ ಮಾರ್ಗಸೂಚಿ ನಮ್ಮಲ್ಲಿ 2009ರಿಂದ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಕಾನೂನು ಕಾಗದದಿಂದಿಳಿದು ಪುಟಕ್ಕೆ ಬರಬೇಕಾದರೆ ಪುಟ ಕಟ್ಟುವವರಿಗೆ ಟ್ಯಾಗಿನ ಅರ್ಥ ಗೊತ್ತಿರಬೇಕು.

ಉಪಕರಣಗಳ ಆಯಸ್ಸಿನ ಮಾತನ್ನೂ ಹೇಳಿಬಿಡುತ್ತೇನೆ. ಲಕ್ಷಾಂತರ ಜನ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಸೇವೆಯನ್ನು ಯಾಹೂ 2009ರಲ್ಲಿ ಮುಚ್ಚಿತು. ಫ್ರಂಟ್‌ಪೇಜ್ 2006ರಲ್ಲೇ ನಿಂತಿತ್ತು. ಕೋಡ್ ಇಲ್ಲದೆ ಸೈಟ್ ಮಾಡಿ ಎಂದು ಅಡೋಬಿ ತಂದ ಮ್ಯೂಸ್ ತಂತ್ರಾಂಶಕ್ಕೆ 2020ರಲ್ಲಿ ಬೆಂಬಲ ನಿಂತುಹೋಯಿತು. ಅದನ್ನೇ ನಂಬಿಕೊಂಡವರು ಸೈಟ್ ತಿದ್ದಲು ಬೇರೆ ದಾರಿ ಹುಡುಕಬೇಕಾಯಿತು. ಇನ್ನೊಂದು ಕಡೆ, ಜಗತ್ತಿನ ಮೊದಲ ವೆಬ್ ಪುಟವನ್ನು ಸರ್ನ್ 2013ರಲ್ಲಿ ಅದರ ಮೂಲ ವಿಳಾಸಕ್ಕೇ ಮರಳಿಸಿದೆ. ಮೂರು ದಶಕ ಹಿಂದಿನ ಸರಳ ಎಚ್‌ಟಿಎಂಎಲ್ ಅದು. ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ತೆರೆದು ನೋಡಿ, ಅಡ್ಡಿಯಿಲ್ಲದೆ ಓದಬಹುದು.

ಹಾಗೆಂದು ಉಪಕರಣದ ಉಪಕಾರವನ್ನು ಮರೆಯುವಂತಿಲ್ಲ. ಬಣ್ಣ, ಅಳತೆ, ಜೋಡಣೆಯ ಕಣ್ಣಿರುವವರು ಫಿಗ್ಮಾದಂಥ ವಿನ್ಯಾಸ ತಂತ್ರಾಂಶದಲ್ಲಿ ಯೋಚಿಸಿದಷ್ಟು ವೇಗವಾಗಿ ಕೋಡ್‌ನಲ್ಲಿ ಯೋಚಿಸಲಾಗದು. ಗ್ರಾಹಕರಿಗೆ ಮೂರು ಮಾದರಿ ತೋರಿಸಿ ಒಪ್ಪಿಸಲು ಅದೇ ಸರಿ. ದಿನಾ ಸುದ್ದಿ ಹಾಕಬೇಕಾದ ಸಂಘ-ಸಂಸ್ಥೆಗೆ ವರ್ಡ್‌ಪ್ರೆಸ್ ಬೇಕು. ಅಲ್ಲಿನ ಕಾರ್ಯದರ್ಶಿ ಕೋಡ್ ಕಲಿಯುತ್ತ ಕೂರಲಾರರು. ನಾಳೆಯೇ ಅಂಗಡಿ ತೆರೆಯುವ ಹೆಣ್ಣುಮಗಳೊಬ್ಬರು ಇವತ್ತು ರಾತ್ರಿ ಫೋನಿನಲ್ಲೇ ಒಂದು ಪುಟ ಕಟ್ಟಿಕೊಂಡರೆ ಅದು ದೊಡ್ಡ ಅನುಕೂಲ. ಹೇಳಿದ್ದನ್ನು ಕೇಳಿ ಕೋಡ್ ಬರೆದುಕೊಡುವ ಎಐ ಉಪಕರಣಗಳೂ ಬಂದಿವೆ. ಅವುಗಳಿಂದ ಬರೆಯುವ ಶ್ರಮ ಕಡಿಮೆಯಾಗಿದೆ, ಓದಿ ತೂಗಿ ನೋಡುವ ಹೊಣೆ ಹೆಚ್ಚಿದೆ. ಎಐ ಕೊಟ್ಟ ಪುಟದಲ್ಲಿ ಲ್ಯಾಂಗ್ ಗುರುತು ಇದೆಯೇ, ತಲೆಬರಹ ತಲೆಬರಹವೇ ಹೌದೇ, ಒತ್ತಕ್ಷರಕ್ಕೆ ಜಾಗ ಬಿಟ್ಟಿದೆಯೇ ಎಂದು ನೋಡಲು ಕೋಡ್ ಓದಲು ಬರಬೇಕು. ಓದಲು ಬರಬೇಕಾದರೆ ಒಮ್ಮೆಯಾದರೂ ಕೈಯಲ್ಲಿ ಬರೆದಿರಬೇಕು.

ಹಾಗಾಗಿ ಕಲಿಯಲು ಬಂದ ಹುಡುಗ ಹುಡುಗಿಯರಿಗೆ ನನ್ನ ಮಾತು ಇದು. ಮೊದಲ ಕೆಲವು ವಾರ ಉಪಕರಣದ ಕಡೆ ತಲೆ ಹಾಕಬೇಡಿ. ನೋಟ್‌ಪ್ಯಾಡ್ ತೆರೆದು ನಿಮ್ಮ ಊರಿನ ಬಗ್ಗೆ ಕನ್ನಡದಲ್ಲೇ ಒಂದು ಪುಟ ಬರೆಯಿರಿ. ತಲೆಬರಹ, ಪ್ಯಾರಾ, ಪಟ್ಟಿ, ಚಿತ್ರ, ಕೊಂಡಿ ಎಲ್ಲ ಇರಲಿ. ಅದನ್ನು ಕಡಿಮೆ ಬೆಲೆಯ ಫೋನಿನಲ್ಲಿ ತೆರೆದು ನೋಡಿ. ಎನ್‌ವಿಡಿಎ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿ. ನಿಮಗೆ ಇಷ್ಟವಾದ ಯಾವುದೇ ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಮೂಲ ಕೋಡ್ ಓದಿ. ಇಷ್ಟಾದ ಮೇಲೆ ಫಿಗ್ಮಾ, ವರ್ಡ್‌ಪ್ರೆಸ್, ಎಐ ಏನು ಬೇಕಾದರೂ ಕಲಿಯಿರಿ. ಅವು ನಿಮ್ಮ ಮಾತು ಕೇಳುತ್ತವೆ.

ಅಂಗಡಿ, ಮೆಸ್, ಟ್ಯೂಷನ್ ನಡೆಸುವವರು ಸೈಟ್ ಮಾಡಿಸುವಾಗ ಐದು ಪ್ರಶ್ನೆ ತಪ್ಪದೆ ಕೇಳಿ. ಡೊಮೇನ್ ನನ್ನ ಹೆಸರಿನಲ್ಲೇ ನೋಂದಣಿಯಾಗಿದೆಯೇ? ಪುಟದ ಕನ್ನಡವನ್ನು ಬೆರಳಿಟ್ಟು ಆರಿಸಿ ಕಾಪಿ ಮಾಡಲು ಬರುತ್ತದೆಯೇ? ನನ್ನ ಫೋನಿನಲ್ಲಿ ಅಡ್ಡ ಎಳೆಯದೆ ಓದಬಹುದೇ? ನಂಬರ್ ಮುಟ್ಟಿದರೆ ಕರೆ ಹೋಗುತ್ತದೆಯೇ? ನಾಳೆ ನೀವು ಇಲ್ಲದಿದ್ದರೆ ಈ ಪುಟವನ್ನು ಬೇರೆಯವರು ತೆಗೆದುಕೊಂಡು ಹೋಗಿ ಬೇರೆ ಕಡೆ ನಡೆಸಬಹುದೇ? ಐದಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ಪುಟ ಕೈಯಲ್ಲಿ ಬರೆದದ್ದೋ ಉಪಕರಣದಲ್ಲಿ ಮಾಡಿದ್ದೋ ಎಂದು ತಲೆಕೆಡಿಸಿಕೊಳ್ಳಬೇಡಿ. ಒಂದಕ್ಕೆ ಇಲ್ಲ ಎಂದರೂ ಸರಿಮಾಡಿಸಿಕೊಂಡ ಮೇಲೆಯೇ ದುಡ್ಡು ಕೊಡಿ.